ಕೊಂಡದ್ದು ಏನನ್ನು? ಎಂಜಿನಿಯರಿಂಗ್ ತಂತ್ರಾಂಶದ ಲೈಸೆನ್ಸ್ ನಡೆದು ಬಂದ ದಾರಿ



ಪೀಣ್ಯದ ಒಂದು ಸಣ್ಣ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಕೆಳಗೆ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಸದ್ದು. ಮೇಲಿನ ಕೋಣೆಯಲ್ಲಿ ಮೂವರು ಡಿಸೈನ್ ಎಂಜಿನಿಯರುಗಳು. ಬೆಳಿಗ್ಗೆ ಬಂದು ಡ್ರಾಯಿಂಗ್ ತೆರೆಯಲು ಹೋದರೆ ಪರದೆಯ ಮೇಲೆ ಒಂದೇ ಸಾಲು ಮೂಡುತ್ತದೆ: ಲೈಸೆನ್ಸ್ ಸಿಗುತ್ತಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ. ತಂತ್ರಾಂಶವೂ ಕೆಟ್ಟಿಲ್ಲ. ಹಣ ಕಟ್ಟಿದ ರಸೀದಿ ಕಪಾಟಿನಲ್ಲಿ ಭದ್ರವಾಗಿದೆ. ಆದರೂ ಕೆಲಸ ನಿಂತಿದೆ.

ಕೆಳಗಿನ ಲೇತ್‌ಗೆ ಇಂಥ ತೊಂದರೆ ಬರುವುದಿಲ್ಲ. ಬೆಲ್ಟ್ ತುಂಡಾಗಬಹುದು, ಮೋಟಾರು ಸುಡಬಹುದು. ಆದರೆ 'ಈ ದಿನ ನೀನು ನನ್ನನ್ನು ಓಡಿಸುವಂತಿಲ್ಲ' ಎಂದು ಲೇತ್ ಹೇಳುವುದಿಲ್ಲ. ಹಾಗಾದರೆ ಲೇತ್ ಕೊಳ್ಳುವುದಕ್ಕೂ ತಂತ್ರಾಂಶ ಕೊಳ್ಳುವುದಕ್ಕೂ ಏನು ವ್ಯತ್ಯಾಸ? ತಂತ್ರಾಂಶಕ್ಕೆ ಹಣ ಕೊಟ್ಟವನು ನಿಜವಾಗಿ ಕೊಂಡದ್ದು ಏನನ್ನು?

ಕೇಳಲು ಸರಳವಾದ ಪ್ರಶ್ನೆ. ಆದರೆ ಇದೇ ಪ್ರಶ್ನೆ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಸಂಸ್ಥೆಯ ಹೆಸರಿನಲ್ಲಿ 2002ರಲ್ಲಿ ಆರಂಭವಾಗಿ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆ ಮೊಕದ್ದಮೆಯನ್ನು ಅರಿಯಬೇಕಾದರೆ ಮೊದಲು ಲೈಸೆನ್ಸ್ ಎಂಬುದು ಹುಟ್ಟಿದ್ದು ಹೇಗೆ ಎಂಬುದನ್ನು ನೋಡಬೇಕು.

ಯಂತ್ರದ ಜೊತೆಗೆ ಬರುತ್ತಿದ್ದ ಕಾಲ

ಗಣಕಯಂತ್ರಗಳ ಮೊದಲ ದಿನಗಳಲ್ಲಿ ತಂತ್ರಾಂಶಕ್ಕೆ ಬೇರೆ ಬೆಲೆ ಇರಲಿಲ್ಲ. ಒಂದು ಸಭಾಂಗಣವನ್ನೇ ತುಂಬುವ ಯಂತ್ರವನ್ನು ಕೊಂಡರೆ ಅಥವಾ ಬಾಡಿಗೆಗೆ ಪಡೆದರೆ, ಅದನ್ನು ನಡೆಸುವ ಪ್ರೋಗ್ರಾಮುಗಳು ಅದರೊಂದಿಗೇ ಬರುತ್ತಿದ್ದವು. 1969ರ ಜೂನ್‌ನಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಈ ಪದ್ಧತಿಯನ್ನು ಬದಲಾಯಿಸುವುದಾಗಿ ಸಾರಿತು. ಯಂತ್ರಕ್ಕೆ ಒಂದು ಬೆಲೆ, ಹಲವು ತಂತ್ರಾಂಶಗಳಿಗೆ ಬೇರೆ ಬೆಲೆ. ತಂತ್ರಾಂಶ ಒಂದು ಸ್ವತಂತ್ರ ಸರಕಾಗಿ ಬೆಳೆಯಲು ಇದು ದೊಡ್ಡ ತಿರುವು.

ಅದೇ ಹೊತ್ತಿಗೆ ಎಂಜಿನಿಯರಿಂಗ್ ಕ್ಷೇತ್ರದಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. ರಾಕೆಟ್ಟಿನ ಕವಚವಾಗಲಿ ವಿಮಾನದ ರೆಕ್ಕೆಯಾಗಲಿ ಎಷ್ಟು ಭಾರ ತಡೆದೀತು ಎಂಬುದನ್ನು ಲೆಕ್ಕ ಹಾಕಲು ಅಮೆರಿಕದ ನಾಸಾ 1960ರ ದಶಕದಲ್ಲಿ 'ನಾಸ್ಟ್ರಾನ್' ಎಂಬ ತಂತ್ರಾಂಶವನ್ನು ಬರೆಸಿತು. ವಸ್ತುವನ್ನು ಸಾವಿರಾರು ಪುಟ್ಟ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿನ ಮೇಲಿನ ಒತ್ತಡವನ್ನು ಕೂಡಿಸಿ ನೋಡುವ ವಿಧಾನ ಇದು. ಸರ್ಕಾರದ ಹಣದಲ್ಲಿ ಆದ ಈ ಕೆಲಸ 1970ರ ದಶಕದ ಆರಂಭದಲ್ಲಿ ಹೊರಗಿನವರಿಗೂ ದೊರೆಯಿತು. ಅದರ ಮೇಲೆ ಖಾಸಗಿ ಕಂಪನಿಗಳು ತಮ್ಮ ತಮ್ಮ ಆವೃತ್ತಿಗಳನ್ನು ಕಟ್ಟಿ ಮಾರತೊಡಗಿದವು. 1970ರಲ್ಲಿ ಜಾನ್ ಸ್ವಾನ್ಸನ್ ಎಂಬ ಎಂಜಿನಿಯರ್ ಆರಂಭಿಸಿದ ಸಂಸ್ಥೆಯಿಂದ 'ಆನ್ಸಿಸ್' ಬಂದಿತು.

ಇಂಥ ತಂತ್ರಾಂಶವನ್ನು ಬರೆಯಲು ವರ್ಷಗಟ್ಟಲೆ ಪರಿಣತರ ಶ್ರಮ ಬೇಕು. ಬರೆದಾದ ಮೇಲೆ ನಕಲು ಮಾಡಲು ಕೆಲವೇ ನಿಮಿಷ ಸಾಕು. ಕೊಳ್ಳುವವರು ಮಾತ್ರ ಕಡಿಮೆ ಮಂದಿ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೆಲೆ ಏಕೆ ಅಷ್ಟು ಹೆಚ್ಚು, ಕಾವಲು ಏಕೆ ಅಷ್ಟು ಬಿಗಿ ಎಂಬುದು ತಿಳಿಯುತ್ತದೆ.

ಡ್ರಾಯಿಂಗ್ ಬೋರ್ಡಿನಿಂದ ಪರದೆಗೆ

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಉತ್ತರಕ್ಕೆ ಜಾಲಹಳ್ಳಿಯ ಸುತ್ತ 1950ರ ದಶಕದಲ್ಲಿ ಎಚ್‌ಎಂಟಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ನೆಲೆಯೂರಿದವು. ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಕೇಂದ್ರ ಸಂಶೋಧನಾ ಸಂಸ್ಥೆಯೂ ಬಂದಿತು. ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಿಗೆ ಪೀಣ್ಯ ನೆಲೆಯಾಯಿತು. ದಕ್ಷಿಣಕ್ಕೆ, 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆ, ಆರ್. ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಾಗದಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಪೂರ್ವಕ್ಕೆ ವೈಟ್‌ಫೀಲ್ಡ್‌ನಲ್ಲಿ 1998ರಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ತೆರೆಯಿತು. 2000ದಲ್ಲಿ ಜಿಇ ಕಂಪನಿಯ ಜಾನ್ ವೆಲ್ಚ್ ತಂತ್ರಜ್ಞಾನ ಕೇಂದ್ರವೂ ಅಲ್ಲಿಗೇ ಬಂದಿತು.

ಮೊದಲಿಗೆ ಈ ಎಲ್ಲ ಕಡೆಯೂ ನಕ್ಷೆ ಎಂದರೆ ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಟ್ರೇಸಿಂಗ್ ಹಾಳೆ. 1982ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟೋಕ್ಯಾಡ್, ಸಾಧಾರಣ ಪರ್ಸನಲ್ ಕಂಪ್ಯೂಟರಿನಲ್ಲಿಯೇ ನಕ್ಷೆ ಬರೆಯಬಹುದು ಎಂಬುದನ್ನು ತೋರಿಸಿತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶವನ್ನೇ ಇಲ್ಲಿ ಬರೆಸತೊಡಗಿತು. ಅದರ ಉಪಗ್ರಹ ಸಂಪರ್ಕದ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹೀಗೆ ನಮ್ಮ ಊರು ಎಂಜಿನಿಯರಿಂಗ್ ತಂತ್ರಾಂಶವನ್ನು ಬಳಸಲು ಮಾತ್ರವಲ್ಲ, ಬರೆಯಲು ಕೂಡ ಬೇಗನೆ ಕಲಿಯಿತು. ಹಗುರ ಯುದ್ಧವಿಮಾನವಾದ ತೇಜಸ್‌ಗಾಗಿ 1984ರಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಪದರ ಪದರವಾಗಿ ಜೋಡಿಸುವ ಕಾರ್ಬನ್ ನಾರಿನ ಭಾಗಗಳ ವಿನ್ಯಾಸಕ್ಕೆಂದು 'ಆಟೋಲೇ' ಎಂಬ ತಂತ್ರಾಂಶವನ್ನು ರೂಪಿಸಿತು. ಯುರೋಪಿನ ಏರ್‌ಬಸ್ ಸಂಸ್ಥೆಯೂ ಅದನ್ನು ಕೊಂಡಿತು.

ಬೀಗದ ಬಗೆಗಳು

ನಕಲನ್ನು ತಡೆಯುವುದು ಹೇಗೆ? ಮೊದಲ ಉಪಾಯ, ಕೈಯಲ್ಲಿ ಹಿಡಿಯಬಹುದಾದ ಬೀಗ. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಸಿಕ್ಕಿಸುವ ಜಾಗದಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಸಾಧನ. ಇದಕ್ಕೆ 'ಡಾಂಗಲ್' ಎಂದು ಹೆಸರು. ತಂತ್ರಾಂಶ ಆಗಾಗ ಅದನ್ನು ಮಾತನಾಡಿಸಿ ನೋಡುತ್ತದೆ. ಉತ್ತರ ಬರದಿದ್ದರೆ ನಿಂತುಬಿಡುತ್ತದೆ. ಆಟೋಕ್ಯಾಡ್ ಕೂಡ 1980ರ ದಶಕದ ನಡುವೆ ಇಂಥ ಬೀಗ ಹಾಕಿತ್ತು. ಪ್ರಾಮಾಣಿಕವಾಗಿ ಹಣ ಕೊಟ್ಟವರಿಗೇ ತೊಂದರೆ ಎಂದು ಅಮೆರಿಕದ ಗ್ರಾಹಕರು ಗದ್ದಲವೆಬ್ಬಿಸಿದಾಗ ಅಲ್ಲಿ ಅದನ್ನು ತೆಗೆಯಿತು. ಹೊರದೇಶಗಳಲ್ಲಿ ಮಾತ್ರ ಬೀಗ ಮುಂದುವರಿಯಿತು.

ಎರಡನೆಯ ಉಪಾಯ ಇನ್ನೂ ಜಾಣತನದ್ದು. 1988ರಲ್ಲಿ 'ಫ್ಲೆಕ್ಸ್‌ಎಲ್‌ಎಂ' ಎಂಬ ಲೈಸೆನ್ಸ್ ನಿರ್ವಾಹಕ ತಂತ್ರಾಂಶ ಬಂದಿತು. ಮುಂದೆ ಇದಕ್ಕೆ ಫ್ಲೆಕ್ಸ್‌ನೆಟ್ ಎಂದು ಹೆಸರಾಯಿತು. ಎಂಜಿನಿಯರಿಂಗ್ ತಂತ್ರಾಂಶ ಮಾರುವ ಹಲವಾರು ಕಂಪನಿಗಳು ಇದನ್ನೇ ಒಪ್ಪಿಕೊಂಡವು.

ಇದರ ತತ್ವ ನಿಮ್ಮ ಕಾಲೇಜಿನ ಗ್ರಂಥಾಲಯದ್ದೇ. ಗ್ರಂಥಾಲಯದಲ್ಲಿ ಒಂದು ಪಠ್ಯಪುಸ್ತಕದ ಐದು ಪ್ರತಿಗಳಿವೆ ಎನ್ನಿ. ಓದುವವರು ಐವತ್ತು ಮಂದಿ. ಯಾವ ಐವರು ಬೇಕಾದರೂ ಒಂದು ಹೊತ್ತಿಗೆ ಓದಬಹುದು. ಆರನೆಯವನು ಬಂದರೆ ಕಾಯಬೇಕು. ಹೀಗೆಯೇ ಕಾರ್ಖಾನೆಯ ಒಂದು ಕಂಪ್ಯೂಟರ್ 'ಲೈಸೆನ್ಸ್ ಸರ್ವರ್' ಆಗಿ ಕೆಲಸ ಮಾಡುತ್ತದೆ. ಎಂಜಿನಿಯರ್ ತಂತ್ರಾಂಶ ತೆರೆದಾಗ ಒಂದು ಲೈಸೆನ್ಸ್ ಅವನ ಹೆಸರಿಗೆ ಹೋಗುತ್ತದೆ, ಮುಚ್ಚಿದಾಗ ಹಿಂದಿರುಗುತ್ತದೆ. ಹಗಲು ಪಾಳಿಯವರಿಗೂ ರಾತ್ರಿ ಪಾಳಿಯವರಿಗೂ ಅದೇ ಐದು ಸಾಕು. ಈ ಬಗೆಯ ಲೈಸೆನ್ಸಿಗೆ 'ಫ್ಲೋಟಿಂಗ್', ಅಂದರೆ ಒಬ್ಬರಿಂದ ಒಬ್ಬರಿಗೆ ತೇಲಿಹೋಗುವ ಲೈಸೆನ್ಸ್ ಎನ್ನುತ್ತಾರೆ.

ಗ್ರಂಥಪಾಲಕನ ಬಳಿ ಒಂದು ಪಟ್ಟಿ ಇರಬೇಕಲ್ಲವೇ? ಆ ಪಟ್ಟಿಯೇ ಲೈಸೆನ್ಸ್ ಫೈಲು. ಇದು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಬರಹ. ಒಂದು ಸಾಲಿನಲ್ಲಿ ಸರ್ವರಿನ ಹೆಸರು ಮತ್ತು ಅದರ ಗುರುತಿನ ಸಂಖ್ಯೆ. ಗುರುತಿಗಾಗಿ ಹೆಚ್ಚಾಗಿ ನೆಟ್‌ವರ್ಕ್ ಕಾರ್ಡಿನ ಹನ್ನೆರಡು ಅಂಕಿ-ಅಕ್ಷರಗಳ ವಿಳಾಸವನ್ನು ಬಳಸುತ್ತಾರೆ. ಇನ್ನೊಂದು ಸಾಲಿನಲ್ಲಿ ತಂತ್ರಾಂಶ ಮಾರಿದ ಕಂಪನಿಯ ಕಾವಲು ಪ್ರೋಗ್ರಾಮಿನ ಹೆಸರು. ಉಳಿದ ಸಾಲುಗಳಲ್ಲಿ ಯಾವ ಯಾವ ವಿಭಾಗ, ಎಷ್ಟು ಜನರಿಗೆ, ಯಾವ ದಿನಾಂಕದವರೆಗೆ ಎಂಬ ವಿವರ. ಪ್ರತಿ ಸಾಲಿನ ಕೊನೆಗೂ ಅಂಕಿ ಅಕ್ಷರಗಳ ಒಂದು ಉದ್ದನೆಯ ಮಾಲೆ ಇರುತ್ತದೆ. ಅದು ಕಂಪನಿಯ ಮೊಹರು. 'ಐದು' ಎಂಬುದನ್ನು 'ಐವತ್ತು' ಎಂದು ತಿದ್ದಿದರೆ ಸಾಲಿಗೂ ಮೊಹರಿಗೂ ತಾಳೆಯಾಗುವುದಿಲ್ಲ, ಲೈಸೆನ್ಸ್ ರದ್ದಾಗುತ್ತದೆ.

ತೊಂದರೆಯನ್ನು ಓದುವುದು

ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ, ಅದು ತೆರೆಯದಿದ್ದಾಗ ಎಲ್ಲಿ ನೋಡಬೇಕು ಎಂಬುದೂ ತಿಳಿಯುತ್ತದೆ. ಫ್ಲೆಕ್ಸ್‌ನೆಟ್ ತನ್ನ ದೂರನ್ನು ಒಂದು ಸಂಖ್ಯೆಯ ಮೂಲಕ ಹೇಳುತ್ತದೆ. ಆ ಸಂಖ್ಯೆಯನ್ನು ಓದದೆ ತಂತ್ರಾಂಶವನ್ನೇ ಅಳಿಸಿ ಮತ್ತೆ ಹಾಕುವವರು ಅರ್ಧ ದಿನ ಕಳೆದುಕೊಳ್ಳುತ್ತಾರೆ.

ಮೈನಸ್ 4 ಎಂದರೆ ಐದು ಪ್ರತಿಗಳೂ ಹೊರಗೆ ಹೋಗಿವೆ ಎಂದರ್ಥ. ಕೆಟ್ಟದ್ದು ಏನೂ ಇಲ್ಲ. ಯಾರೋ ತಂತ್ರಾಂಶವನ್ನು ತೆರೆದಿಟ್ಟು ಊಟಕ್ಕೆ ಹೋಗಿರಬಹುದು. ಯಾರ ಬಳಿ ಎಷ್ಟು ಇವೆ ಎಂದು ತೋರಿಸುವ ಆದೇಶ ಸರ್ವರಿನಲ್ಲೇ ಇರುತ್ತದೆ. ಬಳಸದೆ ಇಟ್ಟುಕೊಂಡವರಿಂದ ಇಂತಿಷ್ಟು ಹೊತ್ತಿನ ನಂತರ ಲೈಸೆನ್ಸನ್ನು ಹಿಂಪಡೆಯುವ ನಿಯಮವನ್ನೂ ಹಾಕಬಹುದು.

ಮೈನಸ್ 5 ಎಂದರೆ ನೀವು ಕೇಳಿದ ವಿಭಾಗ ಪಟ್ಟಿಯಲ್ಲೇ ಇಲ್ಲ. ತಂತ್ರಾಂಶ ಒಂದೇ ಆದರೂ ಉಷ್ಣದ ಲೆಕ್ಕಕ್ಕೆ ಒಂದು ವಿಭಾಗ, ಕಂಪನದ ಲೆಕ್ಕಕ್ಕೆ ಇನ್ನೊಂದು ವಿಭಾಗ ಎಂದು ಬೇರೆ ಬೇರೆಯಾಗಿ ಮಾರುವುದುಂಟು.

ಮೈನಸ್ 15 ಎಂದರೆ ಸರ್ವರನ್ನು ತಲುಪಲಾಗಲಿಲ್ಲ. ಸರ್ವರ್ ಆರಿಹೋಗಿದೆಯೇ, ಕೇಬಲ್ ಸರಿಯಿದೆಯೇ, ಸರ್ವರಿನ ಹೆಸರು ಬದಲಾಗಿದೆಯೇ, ನಡುವಿನ ಭದ್ರತಾ ಗೋಡೆ ದಾರಿ ಮುಚ್ಚಿದೆಯೇ ಎಂದು ಈ ಅನುಕ್ರಮದಲ್ಲಿ ನೋಡಬೇಕು. ಬೇರೆ ಸೂಚನೆ ಇಲ್ಲದಿದ್ದರೆ ಫ್ಲೆಕ್ಸ್‌ನೆಟ್ ಹುಡುಕುವುದು 27000ರಿಂದ 27009ರವರೆಗಿನ ಬಾಗಿಲುಗಳನ್ನು. ಇದರ ಹಿಂದೆ ಇನ್ನೊಂದು ಬಾಗಿಲೂ ಉಂಟು. ಕಂಪನಿಯ ಕಾವಲು ಪ್ರೋಗ್ರಾಮ್ ಬಳಸುವ ಆ ಬಾಗಿಲು ನಿಗದಿಯಾಗಿರದಿದ್ದರೆ ಪ್ರತಿಬಾರಿ ಬದಲಾಗುತ್ತದೆ. ನಿನ್ನೆ ನಡೆದದ್ದು ಇಂದು ನಡೆಯದಿರುವ ಗುಟ್ಟು ಹಲವು ಸಲ ಇಲ್ಲಿಯೇ ಇರುತ್ತದೆ.

ಮೈನಸ್ 9 ಎಂದರೆ ಗುರುತಿನ ಸಂಖ್ಯೆ ಬೇರೆ. ನೆಟ್‌ವರ್ಕ್ ಕಾರ್ಡ್ ಬದಲಾಯಿಸಿದರೆ, ಮದರ್‌ಬೋರ್ಡ್ ಹೊಸದಾದರೆ ಹೀಗಾಗುತ್ತದೆ. ಮೈನಸ್ 10 ಎಂದರೆ ಅವಧಿ ಮುಗಿದಿದೆ. ಇವೆರಡಕ್ಕೂ ಔಷಧ ಕಂಪನಿಯ ಬಳಿಯೇ. ಹೊಸ ಲೈಸೆನ್ಸ್ ಫೈಲು ತರಿಸಿಕೊಳ್ಳಬೇಕು.

ಮೈನಸ್ 88 ಎಂದರೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದೀರಿ ಎಂಬ ಆರೋಪ. ಅವಧಿ ಮುಗಿದ ಲೈಸೆನ್ಸನ್ನು ಬಳಸಲು ದಿನಾಂಕ ಬದಲಾಯಿಸುವವರನ್ನು ಹಿಡಿಯಲು ಇಟ್ಟ ಬಲೆ ಇದು. ಆದರೆ ಹಳೆಯ ಕಂಪ್ಯೂಟರಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದಾಗ ಗಡಿಯಾರ ತಾನಾಗಿಯೇ ಹಿಂದಕ್ಕೆ ಹೋದರೂ ಇದೇ ಬಲೆಗೆ ಬೀಳಬಹುದು. ಕಳ್ಳನಿಗೆ ಇಟ್ಟ ಬಲೆಗೆ ಮನೆಯವನೇ ಸಿಕ್ಕಿಬಿದ್ದ ಹಾಗೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಈ ಸಂಖ್ಯೆಗಳಲ್ಲಿ ಯಾವುದೂ ಲೆಕ್ಕ ತಪ್ಪಾಯಿತು ಎಂದು ಹೇಳುವುದಿಲ್ಲ. ಎಲ್ಲವೂ ಹೇಳುವುದು ಒಪ್ಪಂದದ ಮಾತನ್ನೇ. ಎಷ್ಟು ಜನ, ಯಾವ ಯಂತ್ರ, ಯಾವ ದಿನದವರೆಗೆ? ಕಾಗದದ ಮೇಲಿದ್ದ ಕರಾರು ಯಂತ್ರದೊಳಗೆ ಇಳಿದು, ತಾನೇ ಕಾವಲುಗಾರನಾಗಿ ನಿಂತಿದೆ.

ಕಾನೂನು ಹೇಳಿದ್ದು

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಕಥೆ, ಕಾದಂಬರಿ, ಸಂಗೀತ, ಚಲನಚಿತ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. 1984ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳನ್ನೂ 'ಸಾಹಿತ್ಯ ಕೃತಿ'ಯ ಸಾಲಿಗೆ ಸೇರಿಸಲಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಅದರ ಮರುವರ್ಷ. 1994ರಲ್ಲಿ ಸಂಸತ್ತು ಮತ್ತೊಂದು ತಿದ್ದುಪಡಿ ತಂದಿತು. ಅದು 1995ರ ಮೇ 10ರಿಂದ ಜಾರಿಗೆ ಬಂದಿತು. ಕದ್ದ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂಬುದು ಅದರ ಒಂದು ಭಾಗ. ವ್ಯಾಪಾರದ ಲಾಭಕ್ಕಾಗಿ ಬಳಸಿದ್ದಲ್ಲ ಎಂದಾದರೆ ನ್ಯಾಯಾಲಯ ಕಾರಣ ದಾಖಲಿಸಿ ಸೆರೆವಾಸವನ್ನು ಬಿಡಬಹುದು. ನ್ಯಾಯವಾಗಿ ಪಡೆದವನು ಕಳೆದುಹೋಗುವ ಭಯಕ್ಕೆ ಒಂದು ಪ್ರತಿ ತೆಗೆದಿಟ್ಟುಕೊಳ್ಳಬಹುದು, ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ನೋಡಬಹುದು ಎಂಬ ರಿಯಾಯಿತಿಗಳನ್ನೂ ಅದೇ ಕಾಯ್ದೆ ಕೊಡುತ್ತದೆ. ಶಿಕ್ಷೆ ಮಾತ್ರ ನೆನಪಿಟ್ಟು ಹಕ್ಕನ್ನು ಮರೆಯಬಾರದು.

ಹತ್ತೊಂಬತ್ತು ವರ್ಷದ ಮೊಕದ್ದಮೆ

ಈಗ ಮೊದಲು ಹೇಳಿದ ಮೊಕದ್ದಮೆಗೆ ಬರೋಣ. ಬೆಂಗಳೂರಿನ 'ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್' ಎಂಬ ಸಂಸ್ಥೆ ತನ್ನ ಬಳಕೆಗೆಂದು ಅಮೆರಿಕದಿಂದ ತಂತ್ರಾಂಶ ತರಿಸಿ ಹಣ ಕಳುಹಿಸಿತು. ವಿದೇಶದವರಿಗೆ ಕೊಡುವ ಹಣಕ್ಕೆ ಇಲ್ಲಿ ತೆರಿಗೆ ಬೀಳುವುದಾದರೆ, ಕೊಡುವವನೇ ಅದನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಸಂಸ್ಥೆ ಹಾಗೆ ಮುರಿದಿರಲಿಲ್ಲ. 2002ರ ಮೇ ತಿಂಗಳಲ್ಲಿ ಆದಾಯ ತೆರಿಗೆ ಅಧಿಕಾರಿ, ಒಂದು ಕೋಟಿ ರೂಪಾಯಿಗೂ ಮೀರಿದ ಮೊತ್ತವನ್ನು ಬಡ್ಡಿಸಹಿತ ಕಟ್ಟಬೇಕೆಂದು ಆದೇಶಿಸಿದರು.

ವಾದ ಹೀಗಿತ್ತು. ಪುಸ್ತಕ ಬರೆದವನಿಗೆ ಪ್ರಕಾಶಕ ಕೊಡುವ ಗೌರವಧನದಂತೆ, ಕೃತಿಸ್ವಾಮ್ಯದ ಹಕ್ಕನ್ನು ಬಳಸಲು ಕೊಡುವ ಹಣಕ್ಕೆ 'ರಾಯಲ್ಟಿ' ಎಂದು ಹೆಸರು. ಅದಕ್ಕೆ ಇಲ್ಲಿ ತೆರಿಗೆ ಉಂಟು. ಬರಿಯ ಸರಕಿನ ಬೆಲೆಯಾದರೆ, ಇಲ್ಲಿ ನೆಲೆಯಿಲ್ಲದ ವಿದೇಶಿ ಮಾರಾಟಗಾರನಿಗೆ ಎರಡು ದೇಶಗಳ ಒಪ್ಪಂದದಂತೆ ಇಲ್ಲಿ ತೆರಿಗೆಯಿಲ್ಲ. ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕುವುದೆಂದರೆ ನಕಲು ಮಾಡುವುದು, ನಕಲು ಮಾಡುವ ಹಕ್ಕು ಕೃತಿಸ್ವಾಮ್ಯದ ಹಕ್ಕು, ಅದನ್ನು ಲೈಸೆನ್ಸ್ ಮೂಲಕ ಕೊಟ್ಟಿದ್ದಾರೆ, ಆದ್ದರಿಂದ ಇದು ರಾಯಲ್ಟಿ ಎಂದಿತು ಇಲಾಖೆ. ನಮಗೆ ಸಿಕ್ಕಿದ್ದು ಬಳಸುವ ಒಂದು ಪ್ರತಿ ಮಾತ್ರ ಎಂದಿತು ಸಂಸ್ಥೆ.

ಮೊಕದ್ದಮೆ ಏರಿಳಿಯುತ್ತ ಸಾಗಿತು. 2005ರಲ್ಲಿ ತೆರಿಗೆ ನ್ಯಾಯಮಂಡಳಿ ಸಂಸ್ಥೆಗಳ ಕಡೆ ನಿಂತಿತು. 2009ರಲ್ಲಿ ಕರ್ನಾಟಕ ಹೈಕೋರ್ಟ್, ರಾಯಲ್ಟಿ ಹೌದೋ ಅಲ್ಲವೋ, ವಿದೇಶಕ್ಕೆ ಹಣ ಕಳುಹಿಸುವಾಗ ತೆರಿಗೆ ಮುರಿಯಲೇಬೇಕಿತ್ತು ಎಂದಿತು. 2010ರಲ್ಲಿ ಸುಪ್ರೀಂ ಕೋರ್ಟ್, ಜಿಇ ಇಂಡಿಯಾ ಟೆಕ್ನಾಲಜಿ ಸೆಂಟರ್ ಪ್ರಕರಣದಲ್ಲಿ, ತೆರಿಗೆ ಬೀಳುವ ಹಣವಾದರೆ ಮಾತ್ರ ಮುರಿಯಬೇಕು, ಮೊದಲು ಅದನ್ನು ನೋಡಿ ಎಂದು ಮೊಕದ್ದಮೆಗಳನ್ನು ಹಿಂದಿರುಗಿಸಿತು. 2011ರಲ್ಲಿ ಹೈಕೋರ್ಟ್, ಸ್ಯಾಮ್‌ಸಂಗ್ ಮುಂತಾದವರ ಪ್ರಕರಣದಲ್ಲಿ, ಇದು ರಾಯಲ್ಟಿಯೇ ಎಂದಿತು. 2012ರಲ್ಲಿ ಸಂಸತ್ತು, ತಂತ್ರಾಂಶ ಬಳಸುವ ಹಕ್ಕೂ ರಾಯಲ್ಟಿಯಲ್ಲಿ ಸೇರಿದೆ ಎಂಬ ವಿವರಣೆಯನ್ನು 1976ರಿಂದಲೇ ಅನ್ವಯವಾಗುವಂತೆ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿತು.

ಕೊನೆಗೆ 2021ರ ಮಾರ್ಚ್ 2ರಂದು ನ್ಯಾಯಮೂರ್ತಿ ಆರ್. ಎಫ್. ನಾರಿಮನ್ ಅವರಿದ್ದ ಮೂವರ ಪೀಠ, ಇಂಥ ಹಲವಾರು ಮೇಲ್ಮನವಿಗಳನ್ನು ಒಟ್ಟಾಗಿ ತೀರ್ಮಾನಿಸಿತು. ಕೃತಿಸ್ವಾಮ್ಯ ಬೇರೆ, ಕೃತಿಸ್ವಾಮ್ಯವಿರುವ ವಸ್ತು ಬೇರೆ. ಅವೆನ್ಯೂ ರಸ್ತೆಯಲ್ಲಿ ನೀವು ಒಂದು ಪುಸ್ತಕ ಕೊಂಡರೆ ಪುಸ್ತಕ ನಿಮ್ಮದು. ಅದನ್ನು ಅಚ್ಚು ಹಾಕಿಸಿ ಮಾರುವ ಹಕ್ಕು ನಿಮ್ಮದಲ್ಲ. ತಂತ್ರಾಂಶವೂ ಹೀಗೆಯೇ. ಕರಾರಿನ ಮೇಲೆ 'ಲೈಸೆನ್ಸ್' ಎಂದು ಬರೆದಿದ್ದರೂ, ನಕಲು ಮಾಡಿ ಮಾರುವ ಹಕ್ಕನ್ನು ಅದು ಕೊಡದಿದ್ದರೆ ಕೃತಿಸ್ವಾಮ್ಯ ಕೈಬದಲಾಗಿಲ್ಲ. ಆದ್ದರಿಂದ ಅದು ರಾಯಲ್ಟಿಯಲ್ಲ. 2012ರ ವಿವರಣೆಯ ವಿಷಯದಲ್ಲಿಯೂ ಕೋರ್ಟು ಹೇಳಿದ ಮಾತು ನೆನಪಿಡುವಂಥದು. ಇಲ್ಲದ ನಿಯಮವನ್ನು ಹತ್ತು ವರ್ಷ ಮೊದಲೇ ಪಾಲಿಸಬೇಕಿತ್ತೆಂದು ಯಾರಿಗೂ ಹೇಳಲಾಗದು, ಆಗದ ಕೆಲಸವನ್ನು ಮಾಡೆಂದು ಕಾನೂನು ಬಲವಂತಪಡಿಸದು.

ಈ ಗೆಲುವಿನ ಸ್ವಾರಸ್ಯವನ್ನು ಗಮನಿಸಿದಿರಾ? ತನ್ನ ಕೈಗೆ ಬಂದ ಹಕ್ಕು ಎಷ್ಟು ಕಡಿಮೆ ಎಂಬುದನ್ನು ತೋರಿಸಿಕೊಟ್ಟೇ ಸಂಸ್ಥೆ ಗೆದ್ದಿತು. ಬೇರೆಯವರಿಗೆ ಕೊಡುವಂತಿಲ್ಲ, ತಿದ್ದುವಂತಿಲ್ಲ, ಮಾರುವಂತಿಲ್ಲ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಪೀಣ್ಯದ ಆ ಕಾರ್ಖಾನೆ ಕೊಂಡದ್ದು ಕಟ್ಟುಪಾಡಿಗೆ ಒಳಪಟ್ಟ ಬಳಕೆಯನ್ನು.

ನಿಮಗೆ ಇದರಿಂದೇನು?

ಈಗ ಆ ಬಳಕೆಯೂ ಹೆಚ್ಚಾಗಿ ವರ್ಷದ ಬಾಡಿಗೆಯಾಗಿದೆ. ಆಟೋಡೆಸ್ಕ್ ಸಂಸ್ಥೆ 2016ರಲ್ಲಿ ಒಮ್ಮೆ ಕೊಂಡರೆ ಸದಾ ಬಳಸಬಹುದಾದ ಹೊಸ ಲೈಸೆನ್ಸುಗಳ ಮಾರಾಟವನ್ನು ನಿಲ್ಲಿಸಿತು. ಬಾಡಿಗೆ ನಿಲ್ಲಿಸಿದರೆ ತಂತ್ರಾಂಶ ನಿಲ್ಲುತ್ತದೆ. ನೀವೇ ಬರೆದ ನಕ್ಷೆ ನಿಮ್ಮ ಕಂಪ್ಯೂಟರಿನಲ್ಲಿ ಇದ್ದರೂ ತೆರೆಯಲು ಇನ್ನೊಂದು ದಾರಿ ಹುಡುಕಬೇಕು. ಹತ್ತು ಜನರ ಕಾರ್ಖಾನೆಗೆ ಇದು ಸಣ್ಣ ಮಾತಲ್ಲ. ಮಾರುಕಟ್ಟೆಯಲ್ಲಿ ಸ್ಪರ್ಧೆ ಕಡಿಮೆಯಾದರೆ ಬಾಡಿಗೆ ಎಲ್ಲಿಗೆ ಹೋದೀತು ಎಂಬ ಚಿಂತೆ ಅಮೆರಿಕದಲ್ಲೂ ಎದ್ದಿತ್ತು. ನಾಸ್ಟ್ರಾನ್ ಮಾರುತ್ತಿದ್ದ ಎಂಎಸ್‌ಸಿ ಕಂಪನಿ 1999ರಲ್ಲಿ ತನ್ನ ಇಬ್ಬರು ಪ್ರತಿಸ್ಪರ್ಧಿಗಳನ್ನು ಕೊಂಡುಕೊಂಡಾಗ ಅಲ್ಲಿನ ವ್ಯಾಪಾರ ಆಯೋಗ ಮಧ್ಯೆ ಬಂದಿತು. ತಂತ್ರಾಂಶದ ಮೂಲ ಬರಹವನ್ನು ಹೊಸ ಪ್ರತಿಸ್ಪರ್ಧಿಗೆ ಕೊಡಬೇಕೆಂದು 2002ರಲ್ಲಿ ಒಪ್ಪಂದ ಮಾಡಿಸಿತು.

ಕಾಲೇಜಿನಲ್ಲಿರುವಾಗ ನಿಮಗೆ ಹಲವು ಕಂಪನಿಗಳು ಉಚಿತವಾಗಿ ವಿದ್ಯಾರ್ಥಿ ಲೈಸೆನ್ಸ್ ಕೊಡುತ್ತವೆ. ಅದು ಕಲಿಯುವುದಕ್ಕೆ ಮಾತ್ರ. ಅದರಲ್ಲಿ ಬರೆದ ನಕ್ಷೆಯನ್ನು ಹಣಕ್ಕಾಗಿ ಕಾರ್ಖಾನೆಗೆ ಕೊಟ್ಟರೆ ಕರಾರು ಮುರಿದಂತೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಈ ತಪ್ಪು ಮಾಡುವವರಿದ್ದಾರೆ, ಪರಿಣಾಮವನ್ನು ಎದುರಿಸಬೇಕಾಗುವುದು ಅವರಿಗೆ ಕೆಲಸ ಕೊಟ್ಟವರು. ಯಾರ ಅನುಮತಿಯೂ ಬೇಡದ ದಾರಿಯೂ ಇದೆ. ಮೂರು ಆಯಾಮದ ವಿನ್ಯಾಸಕ್ಕೆ ಫ್ರೀಕ್ಯಾಡ್, ಎಲೆಕ್ಟ್ರಾನಿಕ್ ಸರ್ಕಿಟ್‌ಗೆ ಕೈಕ್ಯಾಡ್, ದ್ರವಗಳ ಹರಿವಿನ ಲೆಕ್ಕಕ್ಕೆ ಓಪನ್‌ಫೋಮ್ ಇವು ಮುಕ್ತ ತಂತ್ರಾಂಶಗಳು. ಇವುಗಳಿಗೂ ಲೈಸೆನ್ಸ್ ಉಂಟು. ಆದರೆ ಆ ಲೈಸೆನ್ಸ್ ಬಳಸು, ಓದು, ತಿದ್ದು, ಹಂಚು ಎಂದು ಹೇಳುತ್ತದೆ. ಹಂಚುವಾಗ ಪಾಲಿಸಬೇಕಾದ ನಿಯಮಗಳನ್ನು ಮಾತ್ರ ಹಾಕುತ್ತದೆ.

ಮುಂದಿನ ಸಲ ಕಾಲೇಜಿನ ಲ್ಯಾಬಿಗೆ ಹೋದಾಗ ಉಪನ್ಯಾಸಕರ ಒಪ್ಪಿಗೆ ಪಡೆದು ಅಲ್ಲಿನ ಲೈಸೆನ್ಸ್ ಫೈಲನ್ನು ತೆರೆಸಿ ನೋಡಿ. ಎಷ್ಟು ಜನರಿಗೆ, ಯಾವ ಯಂತ್ರಕ್ಕೆ, ಎಂದಿನವರೆಗೆ ಎಂಬ ಮೂರನ್ನು ಗುರುತಿಸಿ. ಅನಂತರ, ತಂತ್ರಾಂಶ ಹಾಕುವಾಗ 'ಒಪ್ಪಿದೆ' ಎಂಬ ಗುಂಡಿಯನ್ನು ಒತ್ತುವ ಮುನ್ನ ಬರುವ ಆ ಉದ್ದನೆಯ ಕರಾರನ್ನು ಒಮ್ಮೆಯಾದರೂ ಕೊನೆಯವರೆಗೆ ಓದಿ. ಬೆಂಗಳೂರಿನ ಒಂದು ಸಂಸ್ಥೆಯ ಕೋಟಿ ರೂಪಾಯಿಯ ಮೊಕದ್ದಮೆ ಹತ್ತೊಂಬತ್ತು ವರ್ಷ ಸುತ್ತಿದ್ದು ಅಂಥ ಕರಾರಿನ ಕೆಲವು ಸಾಲುಗಳ ಸುತ್ತಲೇ.